ಐದು ಸಾವಿರದ ಒಂದು ಪದಗಳ ಕಳವು

ಹೆಸರು: ಠಾಣೆಯ ಪುಸ್ತಕದಲ್ಲಿ ಆಗಲೇ ಬರೆದುಕೊಂಡಿದ್ದಾರೆ, ಮನೆಯಲ್ಲೂ ಕೆಲಸದಲ್ಲೂ ಕರೆಯುವುದು ತರಲೆ ಎಂದು. ವಯಸ್ಸು: ಇಪ್ಪತ್ತೆರಡು ವರ್ಷ ನಾಲ್ಕು ತಿಂಗಳು. ಉದ್ಯೋಗ: ಕೃತಕ ಹಲ್ಲು ತಯಾರಿಸುವ ಲ್ಯಾಬಿನಲ್ಲಿ ಪ್ಲಾಸ್ಟರ್ ಅಚ್ಚು ಎರೆಯುವುದು. ವಾಸ: ಲ್ಯಾಬಿನ ಹಿಂದಿನ ಬೀದಿಯಲ್ಲಿ ಸೈಕಲ್ ರಿಪೇರಿ ಅಂಗಡಿಯ ಮೇಲಿನ ಮಹಡಿ, ಸೋದರತ್ತೆಯ ಜೊತೆ.

ಮೇಲ್ಕಂಡ ನಾನು, ಯಾರ ಒತ್ತಾಯವೂ ಇಲ್ಲದೆ, ಮಧ್ಯಾಹ್ನದ ಊಟವೂ ಇಲ್ಲದೆ, ಈ ಮೂಲಕ ತಿಳಿಸುವುದೇನೆಂದರೆ:

ದಿನಾಂಕ 9ರ ಗುರುವಾರ ನಾನು ಲ್ಯಾಬಿನ ಆಫೀಸ್ ಕಂಪ್ಯೂಟರಿನಿಂದ ಕಂಪನಿಗೆ ಸೇರಿದ ಐದು ಸಾವಿರದ ಒಂದು ಪದಗಳನ್ನು ಕದ್ದಿದ್ದೇನೆ ಎಂದು ನಮ್ಮ ಮ್ಯಾನೇಜರ್ ದೂರು ಕೊಟ್ಟಿರುತ್ತಾರೆ. ಪದಗಳನ್ನು ತೆಗೆದದ್ದು ನಾನೇ. ಎಣಿಸಿದ್ದೂ ನಾನೇ. ಕದ್ದೆ ಎಂಬುದನ್ನು ಮಾತ್ರ ಒಪ್ಪುವುದಿಲ್ಲ. ಕುಂಬಳಕಾಯಿ ಕಳ್ಳ ಅಂದಾಗ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿಯವಳು ನಾನಲ್ಲ. ನಡೆದದ್ದನ್ನು ನಡೆದ ಕ್ರಮದಲ್ಲೇ ಹೇಳುತ್ತೇನೆ.

ಲ್ಯಾಬಿನಲ್ಲಿ ಒಟ್ಟು ಒಂಬತ್ತು ಜನ. ಹಲ್ಲಿನ ಡಾಕ್ಟರುಗಳು ರೋಗಿಗಳ ಬಾಯಿಯ ಅಳತೆಯನ್ನು ನಮಗೆ ಕಳಿಸುತ್ತಾರೆ, ನಾವು ಹಲ್ಲು ಮಾಡಿ ಕಳಿಸುತ್ತೇವೆ. ಯಾವ ಹಲ್ಲು, ಯಾವ ಬಣ್ಣ, ಯಾವತ್ತು ತಲುಪುತ್ತದೆ ಎಂಬುದನ್ನು ಪ್ರತಿ ದಿನ ಬೆಳಗ್ಗೆ ಹನ್ನೊಂದರೊಳಗೆ ಇಮೇಲ್ ಮಾಡಿ ಖಾತ್ರಿ ಕೊಡಬೇಕು. ಕಂಪನಿಗೆ ಇಮೇಲ್ ಇರುವುದು ಒಂದು, ಅದು ಇರುವ ಕಂಪ್ಯೂಟರ್ ಒಂದು, ಅದರ ಮುಂದಿನ ಕುರ್ಚಿ ಒಂದು. ಆ ಕುರ್ಚಿಯಲ್ಲಿ ಇಪ್ಪತ್ತಾರು ವರ್ಷದಿಂದ ಕೂರುತ್ತಿರುವವರು ನನ್ನ ಅತ್ತೆ, ಅಂದರೆ ನನ್ನ ತಂದೆಯ ಅಕ್ಕ. ವಯಸ್ಸು ಐವತ್ತೇಳು. ಲ್ಯಾಬಿನವರು ಅವರನ್ನು ಟೈಪಿಸ್ಟಮ್ಮ ಎನ್ನುತ್ತಾರೆ.

ದಿನಾಂಕ 6ರ ಸೋಮವಾರ ಬೆಳಗ್ಗೆ 9 ಗಂಟೆ 41 ನಿಮಿಷಕ್ಕೆ ಅತ್ತೆ ಒಂದು ಇಮೇಲ್ ಕಳಿಸಲು ಗುಂಡಿ ಒತ್ತಿದರು. ನಮ್ಮ ಇಮೇಲ್ ಪ್ರೋಗ್ರಾಮು ಕಳಿಸುವ ಮೊದಲು ತಾನೇ ಸ್ಪೆಲ್ ಚೆಕ್ ಮಾಡುತ್ತದೆ. ಅವತ್ತು 'ಪರಿಶೀಲಿಸಲಾಗುತ್ತಿದೆ' ಎಂಬ ಡಬ್ಬಿ ಬಂದು, ಅದರೊಳಗೆ ಒಂದು ಚಕ್ರ ತಿರುಗಲು ಶುರುವಾಯಿತು. ಹದಿನಾಲ್ಕು ನಿಮಿಷ ತಿರುಗಿತು. ಆಮೇಲೆ ಇಮೇಲ್ ಹೋಯಿತು. ಎರಡನೆಯದಕ್ಕೂ ಹದಿನಾಲ್ಕು ನಿಮಿಷ. ಅವತ್ತು ಕಳಿಸಬೇಕಾಗಿದ್ದದ್ದು ಮೂವತ್ತೊಂದು. ಮಂಗಳವಾರ, ಬುಧವಾರ ಇದೇ ಕಥೆ. ಮೂರೂ ದಿನ ಅತ್ತೆ ಊಟದ ಡಬ್ಬಿ ಮುಚ್ಚಿದ್ದು ಮುಚ್ಚಿದ್ದಂತೆಯೇ ಮನೆಗೆ ತಂದರು. ಡಬ್ಬಿ ತೊಳೆಯುವ ಪಾಳಿ ನನ್ನದಾದ್ದರಿಂದ ಇದು ನನ್ನ ಗಮನಕ್ಕೆ ಬಂತು.

ಬುಧವಾರ ಸಂಜೆ 4.50ಕ್ಕೆ ಒಬ್ಬ ಡಾಕ್ಟರಮ್ಮ ಫೋನ್ ಮಾಡಿ, ಖಾತ್ರಿ ಬರಲಿಲ್ಲವಾದ್ದರಿಂದ ತನ್ನ ರೋಗಿಯ ಆರು ಹಲ್ಲುಗಳನ್ನು ಬೇರೆ ಲ್ಯಾಬಿಗೆ ಕೊಟ್ಟಿರುವುದಾಗಿ ತಿಳಿಸಿದರು. 5 ಗಂಟೆಗೆ ಮ್ಯಾನೇಜರ್ ಆಫೀಸಿಗೆ ಬಂದು, ಎಲ್ಲರೂ ಕೇಳುವಂತೆ, 'ಟೈಪಿಸ್ಟಮ್ಮ, ತಪ್ಪು ತಿಳ್ಕೋಬೇಡಿ, ಈ ಯಂತ್ರ ಇನ್ನು ನಿಮ್ಮ ಕೈಗೆ ಒಗ್ಗಲ್ಲ. ಏನೋ ಒತ್ತಿ ಏನೋ ಕೆಡಿಸಿದೀರ. ಶುಕ್ರವಾರದೊಳಗೆ ಸರಿಹೋಗದಿದ್ರೆ ಸೋಮವಾರದಿಂದ ಪ್ಯಾಕಿಂಗ್ ಮೇಜಿಗೆ ಬನ್ನಿ, ಇಲ್ಲಿಗೆ ಹೊಸಬರನ್ನ ಹಾಕ್ತೀನಿ' ಎಂದರು. ಅತ್ತೆ 'ಆಯ್ತು ಸರ್' ಎಂದಷ್ಟೇ ಹೇಳಿ ಮೇಜಿನ ಮೇಲಿದ್ದ ಪೆನ್ಸಿಲುಗಳನ್ನು ಉದ್ದದ ಪ್ರಕಾರ ಜೋಡಿಸಿದರು. ಪೆನ್ಸಿಲುಗಳು ಆಗಲೇ ಉದ್ದದ ಪ್ರಕಾರ ಇದ್ದವು.

ಹೋಗುವಾಗ ಮ್ಯಾನೇಜರ್ ನನ್ನ ಕಡೆ ತಿರುಗಿ, ಇದರಲ್ಲಿ ನಿನ್ನ ಕೈವಾಡ ಏನಾದರೂ ಇದೆಯಾ ಎಂದು ಕೇಳಿದರು. ಹಾಗೆ ಕೇಳಲು ಕಾರಣವಿಲ್ಲದೆ ಇಲ್ಲ. ಹೋದ ವರ್ಷ ಅದೇ ಪ್ರೋಗ್ರಾಮಿನಲ್ಲಿ ಮ್ಯಾನೇಜರ್ ಎಂದು ಟೈಪ್ ಮಾಡಿದರೆ ಮಹಾಪ್ರಭುಗಳು ಎಂದು ಬರುವಂತೆ ನಾನು ಏರ್ಪಾಡು ಮಾಡಿದ್ದೆ. ನಾಲ್ಕು ದಿನ ಡಾಕ್ಟರುಗಳಿಗೆಲ್ಲ ಮಹಾಪ್ರಭುಗಳ ಹೆಸರಿನಲ್ಲೇ ಪತ್ರ ಹೋಗಿತ್ತು. ಈ ಬಾಬ್ತು ನನಗೆ ಅಂದೇ ಛೀಮಾರಿ ಆಗಿರುವುದರಿಂದ ಈಗಿನ ಪ್ರಕರಣಕ್ಕೆ ಅದನ್ನು ಸೇರಿಸಬಾರದಾಗಿ ವಿನಂತಿ. ಈ ಸಲ ನನ್ನ ಕೈವಾಡ ಇರಲಿಲ್ಲ. ಇಲ್ಲವೆಂದು ಹೇಳಿದೆ. ಅವರು ನಂಬಲಿಲ್ಲ.

ಗುರುವಾರ ಮಧ್ಯಾಹ್ನ 1.10ಕ್ಕೆ ಮ್ಯಾನೇಜರ್ ಊಟಕ್ಕೆ ಹೋದರು. ನಾನು ಕೈಗೆ ಮೆತ್ತಿದ್ದ ಪ್ಲಾಸ್ಟರ್ ತೊಳೆದುಕೊಂಡು, ಅಚ್ಚಿನ ಮೇಜಿನಿಂದ ಹದಿನೆಂಟು ಹೆಜ್ಜೆ ದೂರದ ಆಫೀಸಿಗೆ ಹೋಗಿ, ಅತ್ತೆಯನ್ನು ಏಳಿಸಿ ಕುರ್ಚಿಯಲ್ಲಿ ಕೂತೆ. ಅತ್ತೆ, 'ಏನೇ ತರಲೆ, ಇರೋದನ್ನೂ ಕೆಡಿಸ್ತೀಯಾ?' ಎಂದರು. 'ಕೆಟ್ಟಿದ್ದನ್ನ ಇನ್ನೆಷ್ಟು ಕೆಡಿಸಕ್ಕಾಗುತ್ತೆ ಅತ್ತೆ' ಎಂದೆ. ಇದನ್ನು ಅವರ ಒಪ್ಪಿಗೆ ಎಂದು ಪರಿಗಣಿಸಿದೆ.

ಮೊದಲು ಪ್ರೋಗ್ರಾಮು ಮುಚ್ಚಿ ತೆರೆದೆ, ಚಕ್ರ ತಿರುಗಿತು. ಕಂಪ್ಯೂಟರನ್ನೇ ಆರಿಸಿ ಹಚ್ಚಿದೆ, ಅದೇ ಚಕ್ರ. ಇಂಟರ್‌ನೆಟ್ ತಂತಿ ಕಿತ್ತು ನೋಡಿದೆ. ಇಮೇಲ್ ಹೋಗುವಂತಿರಲಿಲ್ಲ, ಚಕ್ರ ಮಾತ್ರ ಹಾಗೇ ತಿರುಗಿತು. ಆದ್ದರಿಂದ ತಪ್ಪು ತಂತಿಯದ್ದಲ್ಲ. 1.22ಕ್ಕೆ, ಕಳಿಸುವ ಮೊದಲು ಸ್ಪೆಲ್ ಚೆಕ್ ಮಾಡಬೇಕೆಂಬ ಗುರುತನ್ನು ತೆಗೆದು, ನನ್ನ ಫೋನಿಗೆ ಒಂದು ಖಾಲಿ ಇಮೇಲ್ ಕಳಿಸಿದೆ. ಎರಡು ಸೆಕೆಂಡಿನಲ್ಲಿ ಬಂತು. ನಾನು ಗೆದ್ದೆ ಅಂದುಕೊಂಡು, ಅತ್ತೇ, ಇನ್ನು ಹೀಗೇ ಕಳಿಸಿಬಿಡಿ ಎಂದೆ.

ಅತ್ತೆ ಒಪ್ಪಲಿಲ್ಲ. 'ಚೆಕ್ ಮಾಡದೆ ಕಳಿಸೋದಾ? ಕನ್ನಡಿ ನೋಡ್ದೆ ಮದುವೆ ಮನೆಗೆ ಹೋದ ಹಾಗೆ ಕಣೇ ಅದು. ಮೊದಲಿದ್ದ ಹಾಗೆ ಹಾಕು' ಎಂದರು. ಮೊದಲಿದ್ದ ಹಾಗೆ ಹಾಕಿದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದು ನಮ್ಮ ಲ್ಯಾಬಿನ ಪದ್ಧತಿ. ನಾನು ಎತ್ತು ಯಾವುದು ಎಂದು ಹುಡುಕಲು ಕೂತೆ.

1.27ಕ್ಕೆ ಅದೇ ಕಂಪ್ಯೂಟರಿನಲ್ಲಿ ನನ್ನ ಹೆಸರಿಗೆ ಹೊಸ ಖಾತೆ ತೆರೆದು, ಬೇಕೆಂದೇ ತಪ್ಪುತಪ್ಪಾಗಿ ನಾಲ್ಕು ಸಾಲು ಬರೆದೆ. ತಪ್ಪುಗಳ ಕೆಳಗೆಲ್ಲ ಕೂಡಲೇ ಕೆಂಪು ಗೆರೆ ಬಂತು, ಕಳಿಸಿದರೆ ಒಂದೇ ಸೆಕೆಂಡಿನಲ್ಲಿ ಹೋಯಿತು. ಅಂದರೆ ಯಂತ್ರ ಸರಿ, ಪ್ರೋಗ್ರಾಮು ಸರಿ, ಸ್ಪೆಲ್ ಚೆಕ್ ಸರಿ. ಕೆಟ್ಟಿದ್ದು ಅತ್ತೆಯ ಖಾತೆಯೊಳಗಿನ ಯಾವುದೋ ವಸ್ತು. ಅದೇ ನಾಲ್ಕು ಸಾಲನ್ನು ಅತ್ತೆಯ ಖಾತೆಯಲ್ಲಿ ಬರೆದೆ. ಚಕ್ರದ ಮಾತು ಹಾಗಿರಲಿ, ಒಂದೇ ಒಂದು ತಪ್ಪಿಗೆ ಕೆಂಪು ಗೆರೆ ಬಂತು, ಉಳಿದವಕ್ಕೆ ಬರಲೇ ಇಲ್ಲ. ಸ್ಪೆಲ್ ಚೆಕ್ಕಿಗೆ ಕಣ್ಣು ಹೋಗಿ ಎಷ್ಟು ಕಾಲವಾಗಿತ್ತೋ ಯಾರಿಗೂ ಗೊತ್ತಿರಲಿಲ್ಲ.

ಸ್ಪೆಲ್ ಚೆಕ್ಕಿಗೆ ಗೊತ್ತಿಲ್ಲದ ಪದವನ್ನು ನಾವೇ ಕಲಿಸುವುದಕ್ಕೆ ಒಂದು ಪಟ್ಟಿ ಇರುತ್ತದೆ. ಪದದ ಮೇಲೆ ಮೌಸಿನ ಬಲಗಡೆಯ ಗುಂಡಿ ಒತ್ತಿ 'ಪಟ್ಟಿಗೆ ಸೇರಿಸು' ಎಂದರೆ ಆಯಿತು, ಆ ಪದ ಅಲ್ಲಿಂದ ಮುಂದೆ ಸರಿ ಎಂದೇ ಲೆಕ್ಕ, ಗೆರೆ ಮಾಯ. 1.33ಕ್ಕೆ ಆ ಪಟ್ಟಿಯ ಕಡತವನ್ನು ಹುಡುಕಿ ತೆಗೆದೆ. ಐದು ಸಾವಿರದ ಒಂದು ಪದಗಳಿದ್ದವು. ಪ್ರೋಗ್ರಾಮಿನ ಸಹಾಯದ ಪುಟದಲ್ಲಿ, ಪಟ್ಟಿ ಐದು ಸಾವಿರ ಪದ ಮೀರಬಾರದು, ಮೀರಿದರೆ ಪ್ರೋಗ್ರಾಮು ನಿಧಾನವಾಗುತ್ತದೆ ಎಂದು ಸಣ್ಣ ಅಕ್ಷರದಲ್ಲಿ ಬರೆದಿತ್ತು. ಕಡತವನ್ನು ಕೊನೆಯ ಸಲ ಬದಲಿಸಿದ ಸಮಯ ಸೋಮವಾರ ಬೆಳಗ್ಗೆ 9.38. ಚಕ್ರ ತಿರುಗಲು ಶುರುವಾದದ್ದು 9.41ಕ್ಕೆ. ಎತ್ತು ಸಿಕ್ಕಿತ್ತು.

ಸೋಮವಾರ 9.38ಕ್ಕೆ ಏನು ಮಾಡಿದಿರಿ ಎಂದು ಅತ್ತೆಯನ್ನು ಕೇಳಿದೆ. ಅತ್ತೆ ಕಿಟಕಿ ನೋಡಿದರು. ಆಗ ಅವರು ತಿಳಿಸಿದ್ದೇನೆಂದರೆ, ಆರು ವರ್ಷದಿಂದ ಪ್ರತಿ ದಿನ 9ರಿಂದ 9.40ರವರೆಗೆ ಮ್ಯಾನೇಜರ್ ಆ ಕುರ್ಚಿಯಲ್ಲಿ ಕೂತು ದೊಡ್ಡ ಡಾಕ್ಟರುಗಳಿಗೆ ತಾವೇ ಪತ್ರ ಟೈಪ್ ಮಾಡುತ್ತಾರೆ. ಅಷ್ಟು ಹೊತ್ತು ಅತ್ತೆ ಪಕ್ಕದಲ್ಲಿ ನಿಂತಿರುತ್ತಾರೆ. ಕೆಂಪು ಗೆರೆ ಬಂದ ತಕ್ಷಣ ಮ್ಯಾನೇಜರ್ ಕೈ ಎತ್ತಿ, 'ಟೈಪಿಸ್ಟಮ್ಮ, ಆ ಗೆರೆ ತೆಗೀರಿ' ಎನ್ನುತ್ತಾರೆ. ಗೆರೆ ತೆಗೆಯುವುದೆಂದರೆ 'ಪಟ್ಟಿಗೆ ಸೇರಿಸು' ಒತ್ತುವುದು. ಮೊದಲ ವಾರವೇ ಅವರು ಹಾಗೆ ಹೇಳಿಕೊಟ್ಟಿದ್ದರು. ಅತ್ತೆ ಬಗ್ಗಿ ಒತ್ತುತ್ತಾರೆ. ಹೀಗೆ ದಿನಕ್ಕೆ ಎರಡು ಮೂರು ತಪ್ಪುಗಳು ಸರಿ ಎಂದು ಆರು ವರ್ಷ ಪಟ್ಟಿಗೆ ಸೇರಿವೆ. ಐದು ಸಾವಿರದ ಒಂದನೆಯ ಪದ ಯಾವುದೆಂದು ನಾನು ನೋಡಿದ್ದೇನೆ. ಠಾಣೆಯ ದಾಖಲೆ ಕೆಡಬಾರದೆಂದು ಇಲ್ಲಿ ಹೇಳುತ್ತಿಲ್ಲ.

ನನಗೆ ಸಿಟ್ಟು ಬಂತು. ಹಾಗಾದರೆ ಆರು ವರ್ಷ ನಮ್ಮ ಲ್ಯಾಬಿನಿಂದ ತಪ್ಪು ಪತ್ರಗಳೇ ಹೋಗಿವೆ, ಮಾನ ಹರಾಜಾಗಿದೆ ಎಂದೆ. ಎಷ್ಟು ಹೋಗಿವೆ ನೋಡೋಣ ಎಂದು, ಪಟ್ಟಿಯಿಂದ ಇಪ್ಪತ್ತು ತಪ್ಪು ಪದಗಳನ್ನು ಆರಿಸಿ, ಕಳಿಸಿದ ಪತ್ರಗಳ ರಾಶಿಯಲ್ಲಿ ಒಂದೊಂದಾಗಿ ಹುಡುಕಿದೆ. ಮೊದಲನೆಯದು, ಸೊನ್ನೆ. ಎರಡನೆಯದು, ಸೊನ್ನೆ. ಇಪ್ಪತ್ತಕ್ಕೆ ಇಪ್ಪತ್ತೂ ಸೊನ್ನೆ. ಹುಡುಕುವ ಗುಂಡಿಯೂ ಕೆಟ್ಟಿರಬೇಕೆಂದು ಒಬ್ಬ ಡಾಕ್ಟರರ ಹೆಸರು ಹಾಕಿ ನೋಡಿದೆ. ನಾನೂರ ಹನ್ನೆರಡು ಸಲ ಸಿಕ್ಕಿತು. ಗುಂಡಿ ಸರಿಯಾಗಿಯೇ ಇತ್ತು.

ಅತ್ತೆಯ ಮುಖ ನೋಡಿದೆ. 'ಮತ್ತೇನೇ, ಹಾಗೇ ಕಳಿಸಕ್ಕಾಗುತ್ತಾ?' ಎಂದರು. 'ಗೆರೆ ತೆಗೀರಿ ಅಂತಾರೆ, ತೆಗೀತೀನಿ. ಅವರು ಎದ್ದು ಹೋದ ಮೇಲೆ ಕೂತು ಪತ್ರ ತಿದ್ತೀನಿ. ಮೊದಲಿಂದ ಓದಿದ್ರೆ ಕಣ್ಣು ಮೋಸ ಮಾಡುತ್ತೆ, ಅರ್ಥದ ಹಿಂದೆ ಓಡಿಬಿಡುತ್ತೆ. ಅದಕ್ಕೇ ಕೊನೇ ಪದದಿಂದ ಹಿಂದಕ್ಕೆ ಓದ್ತೀನಿ, ಒಂದೊಂದೇ ಪದ' ಎಂದು ತಿಳಿಸಿದರು.

ಅಂದರೆ ಕಣ್ಣು ಹೋದ ಸ್ಪೆಲ್ ಚೆಕ್ಕಿನ ಜಾಗದಲ್ಲಿ ಆರು ವರ್ಷದಿಂದ ಕೆಲಸ ಮಾಡುತ್ತಿದ್ದದ್ದು ನನ್ನ ಅತ್ತೆ. ಒಂದೇ ಮನೆಯಲ್ಲಿದ್ದೂ ಇದು ನನಗೆ ಗೊತ್ತಿರಲಿಲ್ಲ.

ಮ್ಯಾನೇಜರಿಗೇ ಹೇಳಬಹುದಿತ್ತಲ್ಲ ಎಂದೆ. ಮ್ಯಾನೇಜರ್ ಚಿಕ್ಕವರಿದ್ದಾಗ ಮೇಷ್ಟರು ಕೆಂಪು ಶಾಯಿ ತುಂಬಿದ ಪುಸ್ತಕವನ್ನು ಅವರ ಕೈಯಲ್ಲೇ ಎತ್ತಿ ಹಿಡಿಸಿ ತರಗತಿಯ ಮುಂದೆ ನಿಲ್ಲಿಸುತ್ತಿದ್ದರಂತೆ, ಅದನ್ನು ಒಂದು ಸಲ ಮಾತಿನ ಮಧ್ಯೆ ಅವರೇ ಹೇಳಿದ್ದರು ಎಂದು ಅತ್ತೆ ತಿಳಿಸಿ, 'ಗೆರೆ ಬಂದಾಗ ಆ ಮನುಷ್ಯನ ಮುಖ ನೀನು ನೋಡಿಲ್ಲ ಕಣೇ' ಎಂದರು. ಈ ಸಂಗತಿಯನ್ನು ಬರೆದುಕೊಳ್ಳಬಾರದೆಂದು ನಾನು ಹೆಡ್ ಕಾನ್‌ಸ್ಟೇಬಲ್ ಅವರನ್ನು ಕೋರಿದೆ. ಕೋರುವಷ್ಟರಲ್ಲಿ ಅವರು ಬರೆದಾಗಿತ್ತು.

1.47ಕ್ಕೆ ನಾನು ಆ ಪಟ್ಟಿಯ ಕಡತವನ್ನು ನನ್ನ ಪೆನ್ ಡ್ರೈವಿಗೆ ಸಾಗಿಸಿ, ಕಂಪ್ಯೂಟರಿನಲ್ಲಿ ಅದರ ಜಾಗಕ್ಕೆ ಖಾಲಿ ಪಟ್ಟಿ ಇಟ್ಟೆ. ಕೃತ್ಯ ಇಷ್ಟೇ. ಅತ್ತೆ ಕುರ್ಚಿಯಲ್ಲಿ ಕೂತು ಗುಂಡಿ ಒತ್ತಿದರು. ಹೋಯಿತು. ಎರಡನೆಯದು, ಹೋಯಿತು. ಬಾಕಿ ಇದ್ದ ಇಪ್ಪತ್ತಾರೂ ಒಂಬತ್ತು ನಿಮಿಷದಲ್ಲಿ ಹೋದವು. ಡಾಕ್ಟರುಗಳ ಹೆಸರಿಗೆಲ್ಲ ಕೆಂಪು ಗೆರೆ ಬಂತು ನಿಜ, ಅವನ್ನು ಮತ್ತೆ ಕಲಿಸಬೇಕು. ಅತ್ತೆ ಡಬ್ಬಿ ತೆರೆದು ಊಟ ಮಾಡಿದರು. ನನಗೆ ಕೊಡಲು ಬಂದರು. ವಿಜಯದಿಂದ ಹೊಟ್ಟೆ ತುಂಬಿದ್ದರಿಂದ ಬೇಡವೆಂದೆ. ಈಗ ಹಸಿವಾಗುತ್ತಿದೆ.

2.15ಕ್ಕೆ ಮ್ಯಾನೇಜರ್ ಬಂದರು. ಅತ್ತೆ ಎದ್ದು, ಸರಿಹೋಯಿತು ಸರ್ ಎಂದರು. ಮ್ಯಾನೇಜರ್ ಪರೀಕ್ಷಿಸಲು ಕೂತು, ಕೈಬಿಟ್ಟು ಹೋದ ಡಾಕ್ಟರಮ್ಮನಿಗೆ ಕ್ಷಮಾಪಣೆ ಪತ್ರ ಶುರು ಮಾಡಿದರು. ಎಂಟು ಸಾಲಿಗೆ ಹತ್ತೊಂಬತ್ತು ಕೆಂಪು ಗೆರೆ ಬಂದವು. ಮ್ಯಾನೇಜರ್ ಕೈ ಎತ್ತಿದರು, ಇಳಿಸಿದರು, ಎತ್ತಿದರು. ಆಮೇಲೆ ಎದ್ದು ನಿಂತು, 'ಯಾರು ಮಾಡಿದ್ದು ಇದು? ನನ್ನ ಮಾತೆಲ್ಲ ಎಲ್ಲಿ? ಆರು ವರ್ಷ ಕೂಡಿಸಿಟ್ಟಿದ್ದು!' ಎಂದು ಕೂಗಿದರು. ನಾನು ಪೆನ್ ಡ್ರೈವನ್ನು ಎತ್ತಿ ತೋರಿಸಿ, 'ಭದ್ರವಾಗಿವೆ ಸರ್, ಒಂದೂ ಚೆಲ್ಲಿಲ್ಲ' ಎಂದೆ. ಹಾಗೆ ಹೇಳಬಾರದಿತ್ತೆಂದು ಅತ್ತೆ ಆಮೇಲೆ ತಿಳಿಸಿದರು.

ಮ್ಯಾನೇಜರ್ ಆಫೀಸಿನ ಬಾಗಿಲಲ್ಲೇ ನಿಂತು, ಕಂಪನಿಯ ಆಸ್ತಿ ಕಳವಾಗಿದೆ ಎಂದು ಒಂದೂವರೆ ಪುಟ ದೂರನ್ನು ಕೈಯಲ್ಲೇ ಬರೆದು, 3.05ಕ್ಕೆ ಮುನ್ನೂರೈವತ್ತು ಮೀಟರ್ ದೂರದ ಈ ಠಾಣೆಗೆ ಮುಂದೆ ಮುಂದೆ ನಡೆದರು. ನಾನು ಹಿಂದೆ. ಅತ್ತೆ ನನ್ನ ಹಿಂದೆ. ದಾರಿಯಲ್ಲಿ ಸೈಕಲ್ ಅಂಗಡಿಯವನು 'ಏನಮ್ಮ ತರಲೆ, ಮೆರವಣಿಗೆನಾ?' ಎಂದ.

ಹೆಡ್ ಕಾನ್‌ಸ್ಟೇಬಲ್ ಮೊದಲು ಕಳವಾದ ಮಾಲು ಏನೆಂದು ಕೇಳಿದರು. ಪದಗಳು ಎಂದರು ಮ್ಯಾನೇಜರ್. ತೂಕ ಎಷ್ಟು ಎಂದು ಕೇಳಲು ಹೊರಟು ಹೆಡ್ ಕಾನ್‌ಸ್ಟೇಬಲ್ ತಡೆದುಕೊಂಡರು. ಆಮೇಲೆ ದೂರನ್ನು ಗಟ್ಟಿಯಾಗಿ ಓದಲು ಶುರು ಮಾಡಿ, ಮೂರನೆಯ ಸಾಲಿಗೆ ನಿಂತರು. ಹಿಂದಕ್ಕೆ ಹೋಗಿ ಮತ್ತೆ ಓದಿದರು, ಮತ್ತೆ ನಿಂತರು. 'ಸರ್, ಇಲ್ಲಿ ಕದ್ದಿದ್ದು ಯಾರು, ನೀವಾ ಈ ಹುಡುಗಿನಾ? ಓದಿದ್ರೆ ನೀವೇ ಅನ್ನೋ ಹಾಗಿದೆಯಲ್ಲ' ಎಂದರು. ಮ್ಯಾನೇಜರ್ ಹಾಗಲ್ಲ, ಹೀಗೆ ಎಂದು ಬಾಯಲ್ಲಿ ಹೇಳಿದರು. ಹೆಡ್ ಕಾನ್‌ಸ್ಟೇಬಲ್, ಬಾಯಲ್ಲಿ ಹೇಳಿದ್ದು ಸರಿ, ಸಹಿ ಹಾಕೋದು ಬರೆದಿದ್ದಕ್ಕೆ ಎಂದರು. ಮ್ಯಾನೇಜರರ ಕಿವಿ ಕೆಂಪಾಯಿತು.

ಆಗ ಬೆಂಚಿನ ಮೇಲಿದ್ದ ಅತ್ತೆ ಎದ್ದು, 'ಕೊಡಿ ಇಲ್ಲಿ' ಎಂದರು. ನಾನು ಅವರ ಸೆರಗು ಹಿಡಿದೆ. ನನ್ನ ಮೇಲೆ ಬರೆದ ದೂರನ್ನು ನನ್ನ ಅತ್ತೆಯೇ ತಿದ್ದಿ ಗಟ್ಟಿ ಮಾಡುವುದೆಂದರೇನು? 'ಬಿಡೇ. ಸುಳ್ಳಾದ್ರೆ ಸುಳ್ಳು, ಆದ್ರೆ ಒಂದು ಠಾಣೆಗೆ ನಮ್ಮ ಲ್ಯಾಬಿಂದ ಇಂಥ ಕಾಗದ ಹೋಗಬಾರದು' ಎಂದರು. ಮೇಜಿನ ಮೇಲಿದ್ದ ಪೆನ್ಸಿಲ್ ತೆಗೆದುಕೊಂಡು, ಕೊನೆಯ ಪದದಿಂದ ಹಿಂದಕ್ಕೆ, ತುಟಿ ಅಲ್ಲಾಡಿಸುತ್ತ, ಒಂದೂವರೆ ಪುಟ ಓದಿದರು. ನಾಲ್ಕು ನಿಮಿಷ ಹಿಡಿಯಿತು. ಹನ್ನೊಂದು ಪದಗಳ ಕೆಳಗೆ ಸಾಸಿವೆಯಷ್ಟು ಚುಕ್ಕೆ ಇಟ್ಟರು. ಎಲ್ಲೂ ಗೆರೆ ಎಳೆಯಲಿಲ್ಲ. ಕಾಗದವನ್ನು ಹೆಡ್ ಕಾನ್‌ಸ್ಟೇಬಲ್‌ಗೆ ಕೊಡದೆ ಮ್ಯಾನೇಜರರ ಕೈಗೆ ಕೊಟ್ಟರು.

ಮ್ಯಾನೇಜರ್ ಚುಕ್ಕೆಗಳನ್ನು ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ, ಹಿಂದಿನಿಂದ ಓದುವುದನ್ನು ಯಾವಾಗಿನಿಂದ ಮಾಡುತ್ತಿದ್ದೀರಿ ಎಂದು ಕೇಳಿದರು. ನೀವು ಬಂದಾಗಿನಿಂದ ಸರ್ ಎಂದರು ಅತ್ತೆ. ನನ್ನ ಪತ್ರಗಳನ್ನಾ? ಹೂಂ ಸರ್. ಎಲ್ಲಾನಾ? ಎಲ್ಲಾನೂ ಸರ್. ಹಾಗಾದರೆ ಒಂದೂ ಹಾಗೇ ಹೋಗಿಲ್ಲವಾ? ಒಂದೂ ಇಲ್ಲ ಸರ್. ಮ್ಯಾನೇಜರ್ ಗೋಡೆಯ ಕಡೆ ತಿರುಗಿದರು. ಗೋಡೆಯ ಗಡಿಯಾರ ಆಗ 4.18 ತೋರಿಸುತ್ತಿತ್ತು.

4.20ಕ್ಕೆ ಅವರು ದೂರನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡು, ವಾಪಸ್ ಪಡೆಯುವುದಾಗಿ ತಿಳಿಸಿದರು. ದೂರು ಠಾಣೆಯ ಪುಸ್ತಕಕ್ಕೆ ಹತ್ತಿದ ಮೇಲೆ ಹೇಳಿಕೆ ಬೇಕೇ ಬೇಕು ಎಂದು ಹೆಡ್ ಕಾನ್‌ಸ್ಟೇಬಲ್ ಹೇಳಿದ್ದರಿಂದ ನಾನು ಇದನ್ನು ಬರೆಸುತ್ತಿದ್ದೇನೆ. ಪೆನ್ ಡ್ರೈವನ್ನು ಠಾಣೆಯಲ್ಲೇ ಮ್ಯಾನೇಜರಿಗೆ ಒಪ್ಪಿಸಿದ್ದೇನೆ. ಅದರಲ್ಲಿ ಸುಮಾರು ಸಾವಿರದ ಮುನ್ನೂರು ಪದಗಳು ಡಾಕ್ಟರುಗಳ ಹೆಸರು, ಹಲ್ಲಿನ ಬಣ್ಣ, ಉಪಕರಣಗಳದ್ದೆಂದು ಅತ್ತೆಯ ಅಂದಾಜು. ಅತ್ತೆಯ ಅಂದಾಜು ತಪ್ಪಿದ್ದನ್ನು ನಾನು ಕಂಡಿಲ್ಲ. ಅಷ್ಟನ್ನು ಆರಿಸಿ ಮತ್ತೆ ಪಟ್ಟಿಗೆ ಹಾಕಿಕೊಡುತ್ತೇನೆ. ಉಳಿದವುಗಳ ವಾರಸುದಾರರು ಗುರುತು ಹೇಳಿ ಬಿಡಿಸಿಕೊಳ್ಳಬಹುದು ಎಂದು ಬರೆಸಲು ಹೊರಟಿದ್ದೆ, ಅತ್ತೆ ಕಣ್ಣು ಬಿಟ್ಟಿದ್ದರಿಂದ ಬಿಟ್ಟಿದ್ದೇನೆ.

ಹೊರಡುವ ಮುಂಚೆ ಮ್ಯಾನೇಜರ್ ಬಾಗಿಲ ಹತ್ತಿರ ನಿಂತು, ಯಾರ ಮುಖವನ್ನೂ ನೋಡದೆ, 'ಟೈಪಿಸ್ಟಮ್ಮ, ನಾಳೆ ಆ ಡಾಕ್ಟರಮ್ಮನ ಪತ್ರ ಮುಗಿಸಬೇಕಲ್ಲ' ಎಂದರು. ಪ್ಯಾಕಿಂಗ್ ಮೇಜಿನ ಮಾತು ಎತ್ತಲಿಲ್ಲ. ಅತ್ತೆ ಎಂದಿನಂತೆ ಆಯ್ತು ಸರ್ ಎನ್ನುತ್ತಾರೆ ಎಂದುಕೊಂಡೆ. ಇಪ್ಪತ್ತಾರು ವರ್ಷದಲ್ಲಿ ಬೇರೆ ಏನನ್ನೂ ಹೇಳಿದ್ದು ಯಾರೂ ಕೇಳಿಲ್ಲ. ಅತ್ತೆ ಸೆರಗು ಸರಿಮಾಡಿಕೊಂಡು, 'ಒಂಬತ್ತಕ್ಕೆ ಬನ್ನಿ ಸರ್. ನೀವು ಹೇಳಿ, ನಾನು ಟೈಪ್ ಮಾಡ್ತೀನಿ. ಗೆರೆ ಬಂದ್ರೆ ಇಬ್ಬರೂ ನೋಡೋಣ, ಹೆದರೋದೇನಿದೆ. ಬರುವಾಗ ನಿಮಗೊಂದು ಸ್ಟೂಲ್ ತಗೊಂಡು ಬನ್ನಿ. ಕುರ್ಚಿ ನಂದು' ಎಂದರು.

ಮ್ಯಾನೇಜರ್ ಆಯ್ತಮ್ಮ ಎಂದರು. ಇದನ್ನು ನಾನು, ಹೆಡ್ ಕಾನ್‌ಸ್ಟೇಬಲ್ ಮತ್ತು ಠಾಣೆಯ ಇನ್ನಿಬ್ಬರು ಸಿಬ್ಬಂದಿ ಸ್ವಂತ ಕಿವಿಯಿಂದ ಕೇಳಿರುತ್ತೇವೆ.

ಮೇಲೆ ಹೇಳಿದ್ದೆಲ್ಲ ನಾನು ಕಂಡದ್ದು, ಕೇಳಿದ್ದು, ಮಾಡಿದ್ದು. ಓದಿಸಿ ಕೇಳಿದ್ದೇನೆ, ಒಂದು ಮಾತನ್ನೂ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ನಾನು ಆಕೆಯ ಸೋದರಸೊಸೆ ಎಂಬುದನ್ನು ಸಹಿಯ ಕೆಳಗೆ ದಪ್ಪ ಅಕ್ಷರದಲ್ಲಿ ಸೇರಿಸಬೇಕೆಂದು ಕೋರುತ್ತೇನೆ.

ಸ್ಥಳ: ಠಾಣೆಯ ಮುಂದಿನ ಕೋಣೆ, ಕಿಟಕಿ ಪಕ್ಕದ ಬೆಂಚು
ದಿನಾಂಕ: 9, ಗುರುವಾರ, ಸಂಜೆ 5 ಗಂಟೆ 30 ನಿಮಿಷ
ಸಹಿ: (ತರಲೆ)
ಟೈಪಿಸ್ಟಮ್ಮನ ಸೋದರಸೊಸೆ